ನಾಲ್ಕನೆಯ ಪ್ರಶ್ನೆ

ಹನ್ನೊಂದನೇ ಹಾಸಿಗೆಯ ಚೀಟಿಯನ್ನು ಅವಳು ಕಟ್ಟಿನ ತಳಕ್ಕೆ ಸೇರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ತೆಗೆದು ನಡುವೆ ಇಟ್ಟಳು. ಆಮೇಲೆ, ಆಗುವುದು ಮೊದಲೇ ಆಗಿಹೋಗಲಿ ಎನ್ನಿಸಿ ಎಲ್ಲಕ್ಕಿಂತ ಮೇಲಿಟ್ಟಳು. ಮೇಲಿದ್ದರೆ ಆ ಹೆಸರು ಕಣ್ಣಿಗೆ ಚುಚ್ಚುತ್ತದೆಂದು ಮತ್ತೆ ತಳಕ್ಕೇ ತಳ್ಳಿದಳು. ಒಟ್ಟು ಹನ್ನೆರಡು ಚೀಟಿಗಳು. ಮೇಲಿನ ಹೆಂಗಸರ ವಾರ್ಡಿನಿಂದ ಹನ್ನೆರಡು ಜನ ಇವತ್ತು ಮನೆಗೆ ಹೋಗುವವರಿದ್ದರು. ಅವರಲ್ಲಿ ಹನ್ನೊಂದನೇ ಹಾಸಿಗೆಯವಳು ಅವಳ ಒಡಹುಟ್ಟಿದ ಅಕ್ಕ. ಬೇರೆ ಶನಿವಾರವಾಗಿದ್ದರೆ ಈ ಹೊತ್ತಿಗೆ ಅರ್ಧ ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದಳು. ಇವತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ರೆಕಾರ್ಡು ಕೋಣೆಯ ಗಡಿಯಾರದಲ್ಲಿ ಹತ್ತೂಕಾಲಾಗುವುದನ್ನು ನೋಡಿದಳು. ಅಕ್ಕ ಬಯ್ಯುತ್ತಾಳೆ ಎಂದು ಅವಳು ಹೆದರಿರಲಿಲ್ಲ. ಬಯ್ಯದೆ ಹೋಗಿಬಿಟ್ಟರೆ? ಬುಧವಾರದ ಬಗ್ಗೆ ಒಂದು ಮಾತೂ ಆಡದೆ, ಚೀಟಿ ಇಸಿದುಕೊಂಡು ಮೆಟ್ಟಿಲಿಳಿದು ಹೋಗಿಬಿಟ್ಟರೆ, ಆ ಬುಧವಾರ ಇನ್ನು ಯಾವತ್ತೂ ಮುಗಿಯುವುದಿಲ್ಲ. ಹನ್ನೆರಡು ಗಂಟೆಗೆ ಅಕ್ಕನ ಮಗಳು ಗಾಡಿ ತರುತ್ತಾಳೆ. ಅಷ್ಟರೊಳಗೆ ಏನಾದರೂ ಆಗಬೇಕು.

ಚೀಟಿ ಕೊಡುವುದು ಅವಳ ಹಳೆಯ ಕೆಲಸ, ಫಾರಂ ತುಂಬಿಸುವುದು ಹೊಸದು. ಫಾರಂ ಎಂದರೆ ಒಂದೇ ಹಾಳೆ, 'ರೋಗಿಗಳ ತೃಪ್ತಿಯ ಸಮೀಕ್ಷೆ' ಎಂದು ತಲೆಬರಹ, ಹತ್ತು ಪ್ರಶ್ನೆ. ಓದು ಬಾರದವರಿಗೂ ಸುಲಭವಾಗಲಿ ಎಂದು ಪ್ರತಿ ಪ್ರಶ್ನೆಯ ಮುಂದೆ ಮೂರು ದುಂಡು ಮುಖ: ಅಳುವುದು, ಸುಮ್ಮನಿರುವುದು, ನಗುವುದು. ಅದಕ್ಕೇ ವಾರ್ಡಿನಲ್ಲಿ ಅವಳಿಗೆ ಮೂರು ಮುಖದಮ್ಮ ಎಂದು ಹೆಸರು ಬಿದ್ದಿತ್ತು. ಮೊದಲೆರಡು ತಿಂಗಳು ಬಾಗಿಲ ಹತ್ತಿರ ಒಂದು ಪೆಟ್ಟಿಗೆ ಇಟ್ಟು, ಪಕ್ಕದಲ್ಲಿ ಫಾರಂ ಇಟ್ಟು, ಪೆನ್ಸಿಲ್ಲಿಗೆ ದಾರ ಕಟ್ಟಿದ್ದರು. ಎರಡು ತಿಂಗಳಿಗೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಮೂರು ಫಾರಂ. ಒಂದರಲ್ಲಿ ಯಾರೋ ಮಗು ಮೂರೂ ಮುಖಕ್ಕೆ ಮೀಸೆ ಬರೆದಿತ್ತು. ಪೆನ್ಸಿಲ್ ಹೋಗಿ ದಾರ ಉಳಿದಿತ್ತು. ಆಮೇಲೆ ಉಪಾಯ ಹೊಳೆದದ್ದು ಅವಳಿಗೇ. ಮನೆಗೆ ಹೋಗುವ ದಿನ, ಎಡಗೈಯಲ್ಲಿ ಡಿಸ್ಚಾರ್ಜ್ ಚೀಟಿ ಹಿಡಿದು ಬಲಗೈಯಿಂದ ಫಾರಂ ಚಾಚಿದರೆ ತುಂಬದವರೇ ಇಲ್ಲ. ಒಂದೇ ತಿಂಗಳಲ್ಲಿ ಮುನ್ನೂರು ಫಾರಂ, ನೂರಕ್ಕೆ ತೊಂಬತ್ತರ ಹತ್ತಿರ ನಗು. ದೊಡ್ಡ ಡಾಕ್ಟರು ಎಲ್ಲರ ಮುಂದೆ, "ನೋಡಿ, ಇವರಿಗೆ ತಲೆ ಓಡುತ್ತೆ" ಎಂದಿದ್ದರು. ಇಪ್ಪತ್ತಾರು ವರ್ಷದ ಗುಮಾಸ್ತೆ ಕೆಲಸದಲ್ಲಿ ಆಸ್ಪತ್ರೆಯವರು ಅವಳ ತಲೆಯ ಬಗ್ಗೆ ಮಾತಾಡಿದ್ದು ಅದೇ ಮೊದಲು. ಆ ಖುಷಿಯಲ್ಲಿ ಅವಳು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಳು. ಫಾರಂನ ಕೊನೆಯಲ್ಲಿ 'ಬೇರೇನಾದರೂ ಹೇಳುವುದಿದೆಯೇ?' ಎಂದು ಒಂದು ಖಾಲಿ ಗೆರೆ ಇರುತ್ತಿತ್ತು. ಅಲ್ಲಿಗೆ ಬಂದ ಕೂಡಲೇ ಜನ ಪೆನ್ನು ಕಚ್ಚುತ್ತಾ ಅವಳ ಎಡಗೈ ನೋಡುತ್ತಿದ್ದರು, ಆಮೇಲೆ "ಏನೂ ಇಲ್ಲಮ್ಮ" ಎನ್ನುತ್ತಿದ್ದರು. ಹೇಗೂ ಅದೇ ಮಾತಲ್ಲವೆ ಎಂದು, ಹೊತ್ತು ಉಳಿಯಲಿ ಎಂದು, ಬೆಳಿಗ್ಗೆಯೇ ಕೂತು ಎಲ್ಲ ಫಾರಂಗಳ ಆ ಗೆರೆಯ ಮೇಲೆ ತನ್ನ ದುಂಡು ಅಕ್ಷರದಲ್ಲಿ 'ಏನೂ ಇಲ್ಲ' ಎಂದು ಬರೆದಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು. ಇವತ್ತಿನ ಹನ್ನೆರಡಕ್ಕೂ ಬರೆದಾಗಿತ್ತು.

ದೊಡ್ಡ ಡಾಕ್ಟರು ಬಾಗಿಲಲ್ಲಿ ತಲೆ ಹಾಕಿದರು. ಅವರು ಯಾವತ್ತೂ ಒಳಗೆ ಪೂರ್ತಿ ಬರುವವರಲ್ಲ, ಒಂದು ಕಾಲು ಹೊರಗೇ ಇರುತ್ತದೆ. "ಎಷ್ಟಾಯಿತು?"

"ಎಂಬತ್ತೊಂಬತ್ತೂ ಚಿಲ್ಲರೆ, ಸರ್."

"ಇವತ್ತಿನ ಹನ್ನೆರಡೂ ನೆಟ್ಟಗೆ ಬಂದರೆ?"

"ತೊಂಬತ್ತು ದಾಟುತ್ತೆ."

"ಮಧ್ಯಾಹ್ನ ನಾಲ್ಕಕ್ಕೆ ಇಲಾಖೆಗೆ ಕಳಿಸಿಬಿಡೋಣ. ತೊಂಬತ್ತು ದಾಟಿದರೆ ಇನ್ನಿಬ್ಬರು ನರ್ಸ್ ಕೊಡ್ತೀವಿ ಅಂದಿದಾರೆ."

ಅವಳಿಗೆ ಕೇಳಬೇಕೆನ್ನಿಸಿ ಎಷ್ಟೋ ದಿನವಾಗಿತ್ತು, ಇವತ್ತು ಬಾಯಿಂದ ಜಾರಿತು. "ದಾಟದೆ ಇದ್ದರೆ, ಸರ್? ಜನ ಸಾಲದು, ಅದಕ್ಕೇ ರೋಗಿಗಳಿಗೆ ಸಮಾಧಾನ ಇಲ್ಲ ಅಂತ ಬಂದರೆ, ಆಗಲ್ಲವಾ ನರ್ಸ್ ಕೊಡಬೇಕಾದ್ದು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಕಳೆದ ವರ್ಷ ಆಯಾಳ ಗಂಡನಿಗೆ ಎದೆನೋವು ಬಂದಾಗ ತಮ್ಮ ಗಾಡಿಯಲ್ಲೇ ಕೂರಿಸಿಕೊಂಡು ಹೋದವರು. "ಬಂದರೆ, ಇರೋರಿಗೇ ಕೆಲಸ ಬರಲ್ಲ ಅಂತ ಬರ್ಕೋತಾರಮ್ಮ. ನಾನೇನು ಮಾಡಲಿ. ನಿಮ್ಮ ಅಕ್ಕನದೂ ಇವತ್ತೇ ಅಲ್ಲವಾ? ಸದ್ಯ, ಅದೊಂದರ ಚಿಂತೆಯಿಲ್ಲ" ಎಂದು ಹೊರಗಿದ್ದ ಕಾಲಿನ ಕಡೆಗೆ ಹೊರಟುಹೋದರು.

ಮೆಟ್ಟಿಲು ಮೂವತ್ತಾರು. ಹತ್ತುವಾಗ ಮಂಡಿ ಚುರುಕ್ ಎನ್ನುವುದು ಹದಿನೆಂಟನೆಯದಕ್ಕೆ, ತಿರುವಿನಲ್ಲಿ. ಅಲ್ಲಿ ನಿಂತರೆ ಕೆಳಗಿನ ಚೀಟಿ ಕೌಂಟರು ಕಾಣುತ್ತದೆ, ಅದರ ಮುಂದಿನ ಉದ್ದ ಬೆಂಚೂ ಕಾಣುತ್ತದೆ. ಸೋಮವಾರ ಬೆಳಿಗ್ಗೆ ಅಕ್ಕ ಆ ಬೆಂಚಿನ ತುದಿಯಲ್ಲಿ, ಬಚ್ಚಲಲ್ಲಿ ಬಿದ್ದು ಮುರಿದುಕೊಂಡ ಬಲಗೈಯನ್ನು ಎಡಗೈಯಲ್ಲಿ ಮಗುವಿನಂತೆ ಹಿಡಿದುಕೊಂಡು, ಒಂದೂವರೆ ಗಂಟೆ ಕೂತಿದ್ದಳು. ಸೊಂಟಕ್ಕೂ ಪೆಟ್ಟಾಗಿತ್ತು. ಆದರೂ ಎದ್ದು, ಗೋಡೆ ಹಿಡಿದು, ಕೌಂಟರಿನವನ ಮುಂದೆ ನಿಂತು ಶುರುಮಾಡಿದ್ದಳು: "ಅಲ್ಲಯ್ಯಾ, ನೀನು ಇಲ್ಲಿ ಕೂತಿರೋದು ಜನ ನೋಡೋಕಾ ಕುರ್ಚಿ ಕಾಯೋಕಾ? ನನ್ನ ಹಿಂದಿರೋ ಈ ಬಸುರಿ ಹುಡುಗಿ ಎಷ್ಟು ಹೊತ್ತಿಂದ ನಿಂತಿದಾಳೆ ನೋಡಿದೀಯಾ?" ಆ ದನಿ. ಕಿವಿಗೆ ಬಿದ್ದ ಕೂಡಲೇ ಇವಳು ರೆಕಾರ್ಡು ಕೋಣೆಯಿಂದ ಓಡಿ ಬಂದಿದ್ದಳು. ಐವತ್ತಮೂರು ವರ್ಷದ ತನಗೆ ಆ ದನಿ ಕೇಳಿದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಏಳು ವರ್ಷದವಳಿದ್ದಾಗಲೂ ಹೀಗೇ ಒಂದು ಬೆಂಚು, ಮೈಯೆಲ್ಲ ಕೆಂಡದಂಥ ಜ್ವರ, ಹದಿನೆಂಟರ ಅಕ್ಕ ಕಾಂಪೌಂಡರನ ಮೇಲೆ ಎಗರಾಡುತ್ತಿದ್ದಳು. ಅಮ್ಮ ಸತ್ತ ವರ್ಷ ಅದು. ಎಲ್ಲರೂ ನೋಡುತ್ತಿದ್ದರು. ಅವಳು ಬೆಂಚಿನ ಮೇಲೆ ಮೆಲ್ಲಗೆ, ಯಾರಿಗೂ ತಿಳಿಯದ ಹಾಗೆ ಜರುಗಿ ಜರುಗಿ, ಪಕ್ಕದ ಕುಟುಂಬದವರಿಗೆ ಅಂಟಿಕೊಂಡು ಕೂತಿದ್ದಳು, ತಾನು ಅವರ ಮಗುವೇನೋ ಎನ್ನುವಂತೆ. ಆ ಮನೆಯ ಹೆಂಗಸು ಏನೂ ಕೇಳದೆ ತನ್ನ ಶಾಲಿನ ಅರ್ಧ ಹೊದಿಸಿದ್ದಳು. ಅಕ್ಕ ಜಗಳ ಗೆದ್ದು ತಿರುಗಿದಾಗ ತಂಗಿ ಇದ್ದ ಜಾಗ ಖಾಲಿ. ಒಂದು ಕ್ಷಣ ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಶಾಲಿನ ಸಂದಿಯಿಂದ ಅದನ್ನು ನೋಡುತ್ತಿದ್ದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಸೋಮವಾರ ಮಾತ್ರ ಅಡಗಿಕೊಳ್ಳಲು ಶಾಲು ಇರಲಿಲ್ಲ. ಅಕ್ಕನ ಪಕ್ಕಕ್ಕೆ ಹೋಗಿ, ತುಟಿ ಅಲುಗದ ಹಾಗೆ, "ಅಕ್ಕ, ಸುಮ್ಮನಿರು. ನಾನು ಇಲ್ಲಿ ಕೆಲಸ ಮಾಡ್ತೀನಿ" ಎಂದಿದ್ದಳು. ಅಕ್ಕ ಅವಳ ಮುಖ ನೋಡಿ, ಸುಮ್ಮನಾದಳು. ಅವತ್ತಿನಿಂದ ಆರು ದಿನ, ಸುಮ್ಮನೇ ಇದ್ದಾಳೆ.

ವಾರ್ಡಿಗೆ ಕಾಲಿಡುತ್ತಲೇ ಹಗಲು ಪಾಳಿಯ ಸಿಸ್ಟರ್ ತಳ್ಳುಗಾಡಿಯ ಹಿಂದಿನಿಂದ ನಕ್ಕಳು. ಮೂವತ್ತೆರಡು ಹಾಸಿಗೆಗೆ ಇವಳೊಬ್ಬಳು, ಇವಳಿಗೊಬ್ಬಳು ಆಯಾ. ಇಪ್ಪತ್ತೈದು ತುಂಬಿತೋ ಇಲ್ಲವೋ, ಆಗಲೇ ಕಣ್ಣಿನ ಕೆಳಗೆ ಕಪ್ಪು ಕಟ್ಟಿದೆ. ಜೇಬಿನಲ್ಲಿ ಯಾವಾಗಲೂ ನಾಲ್ಕಾರು ರಬ್ಬರ್ ಬ್ಯಾಂಡು ಇಟ್ಟುಕೊಂಡಿರುತ್ತಾಳೆ, ಕೈ ಎತ್ತಲಾಗದ ಹೆಂಗಸರ ತಲೆ ಬಾಚಿ ಕಟ್ಟಲು. ಅದು ಅವಳ ಕೆಲಸವಲ್ಲ, ಅದರ ಬಗ್ಗೆ ಫಾರಂನಲ್ಲಿ ಪ್ರಶ್ನೆಯೂ ಇಲ್ಲ. "ಮೇಡಂ, ನಿಮ್ಮ ಅಕ್ಕನ್ನ ಕಳಿಸೋಕೆ ನಂಗೆ ಮನಸ್ಸೇ ಇಲ್ಲ. ಇಂಥ ಪೇಷಂಟು ಸಿಗಲ್ಲ. ಆರು ದಿನದಲ್ಲಿ ಒಂದು ದೂರಿಲ್ಲ, ಒಂದು ಮಾತಿಲ್ಲ" ಎಂದಳು. ಹೊಗಳಿಕೆಯೆಂದೇ ಹೇಳಿದ್ದು. ಅದು ಕೇಳಿದವಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಸಿಕ್ಕಿಕೊಂಡಿತು. ನೀನು ನಮ್ಮ ಅಕ್ಕನನ್ನು ನೋಡಿಯೇ ಇಲ್ಲ ಕಣಮ್ಮಾ, ಎನ್ನಬೇಕೆನಿಸಿತು. ಇಲ್ಲಿ ಮಲಗಿರುವವಳು ಬೇರೆ ಯಾರೋ, ಅವಳನ್ನು ತಂದು ಮಲಗಿಸಿದವಳು ನಾನು.

ಮೊದಲು ಏಳನೇ ಹಾಸಿಗೆ. ಕೆಮ್ಮಿನ ಅಜ್ಜಿ ಆಗಲೇ ಹೊರಗಿನ ಬಟ್ಟೆ ತೊಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾದವಳ ಹಾಗೆ ಕೂತಿದ್ದಳು. ಪಕ್ಕದಲ್ಲಿ ಸೊಸೆ.

"ಬಾರಮ್ಮ ಮೂರು ಮುಖದಮ್ಮ" ಎಂದಳು ಅಜ್ಜಿ. "ಯಾವ ಮುಖ ಒತ್ತಿದರೆ ಮನೆಗೆ ಬಿಡ್ತೀಯ, ಅದನ್ನ ಹೇಳಿಬಿಡು. ಒತ್ತಿಬಿಡ್ತೀನಿ."

ಸೊಸೆ ಕಿಸಕ್ಕನೆ ನಕ್ಕಳು. ಅವಳೂ ನಕ್ಕಳು, ನಗು ಅರ್ಧಕ್ಕೇ ನಿಂತುಹೋಯಿತು. "ಹಾಗಲ್ಲ ಅಜ್ಜಿ. ನಿಮಗೆ ಹೇಗನ್ನಿಸಿತೋ ಹಾಗೆ."

"ಅನ್ನಿಸಿದ್ದನ್ನ ಹಂಗೇ ಹೇಳಿದರೂ ಬಿಡ್ತೀಯಾ?"

"ಬಿಡ್ತೀವಿ, ಅಜ್ಜಿ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ."

ಅಜ್ಜಿ ಅವಳ ಎಡಗೈಯಲ್ಲಿದ್ದ ಚೀಟಿಯನ್ನೂ ಬಲಗೈಯ ಫಾರಂ ಅನ್ನೂ ಒಮ್ಮೆ ನೋಡಿ, ಇಷ್ಟು ವಯಸ್ಸಾದವಳಿಗೆ ಇದೆಲ್ಲ ಗೊತ್ತಾಗದೇ ಎನ್ನುವ ಹಾಗೆ ಸೊಸೆಯ ಕಡೆ ಹುಬ್ಬು ಹಾರಿಸಿ, ಹತ್ತು ನಗುವಿನ ಮೇಲೂ ಒಂದೊಂದಾಗಿ ಹೆಬ್ಬೆಟ್ಟು ಒತ್ತಿದಳು. ಚೀಟಿ ಇಸಿದುಕೊಂಡಳು. "ಒಳ್ಳೇ ಆಸ್ಪತ್ರೆ" ಎಂದಳು, ಯಾರಿಗೋ ಕೇಳಲಿ ಎಂಬಂತೆ. ಹದಿನಾಲ್ಕನೇ ಹಾಸಿಗೆಯವಳೂ ಹಾಗೇ ಮಾಡಿದಳು, ಇಪ್ಪತ್ತರವಳೂ ಹಾಗೇ. ಇಪ್ಪತ್ತೆಂಟರವಳು ಐದನೆಯ ಪ್ರಶ್ನೆಯಲ್ಲಿ, ಪಾಯಿಖಾನೆಯ ಶುಚಿಯ ಬಗ್ಗೆ ಇದ್ದದ್ದರಲ್ಲಿ, ಅಳುವ ಮುಖದ ಮೇಲೆ ಪೆನ್ನಿಟ್ಟು, ತಲೆಯೆತ್ತಿ ಇವಳನ್ನು ನೋಡಿ, ಸುಮ್ಮನಿರುವ ಮುಖಕ್ಕೆ ಬಂದು, ಅಲ್ಲೂ ಧೈರ್ಯ ಸಾಲದೆ ನಗುವಿಗೆ ಹೋದಳು. ನೂರಾರು ಸಲ ಕಂಡ ಆಟ. ನಾಚಿಕೆ ಸ್ವಭಾವದವರು ಎಂದುಕೊಳ್ಳುತ್ತಿದ್ದಳು ಇಷ್ಟು ದಿನ. ಈಗ ಆ ಪೆನ್ನು ಮುಖದಿಂದ ಮುಖಕ್ಕೆ ಹೆದರಿ ಓಡುವುದನ್ನು ನೋಡುತ್ತಾ ಎಡಗೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು. ಅದರಿಂದ ಇನ್ನೂ ಕೆಟ್ಟದಾಯಿತು. ಚೀಟಿ ಹಿಂದಕ್ಕೆ ಹೋದದ್ದನ್ನು ಕಂಡು ಹೆಂಗಸು ಉಳಿದ ಐದು ಪ್ರಶ್ನೆಗೂ ಸರಸರನೆ ನಗು ಹಾಕಿ ಫಾರಂ ಒಪ್ಪಿಸಿಬಿಟ್ಟಳು.

ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಪ್ಲಾಸ್ಟರ್ ಹಾಕಿದ ಬಲಗೈ ಕೊರಳಿನ ಪಟ್ಟಿಯಲ್ಲಿ ನೇತಾಡುತ್ತಿತ್ತು. ತಲೆ ಬಾಚಿ ನೀಟಾಗಿ ಕಟ್ಟಿತ್ತು, ಸಿಸ್ಟರಿನ ಕೆಂಪು ರಬ್ಬರ್ ಬ್ಯಾಂಡು. ಮಡಚಿಟ್ಟ ಹೊದಿಕೆ, ತೊಳೆದಿಟ್ಟ ಲೋಟ. ಬುಧವಾರವೂ ಅಕ್ಕ ಹೀಗೇ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು, ಇವಳು ಬಂದಾಗ. ಮಧ್ಯಾಹ್ನ ಎರಡು ಗಂಟೆಗೆ ಹನ್ನೆರಡನೇ ಹಾಸಿಗೆಯವಳನ್ನು ನೋಡಲು ಬಂದಿದ್ದ ಯಾರೋ ಹೆಂಗಸು ರೆಕಾರ್ಡು ಕೋಣೆಯ ಕಿಟಕಿಗೆ ಬಂದು, "ಮೇಲೆ ಹನ್ನೊಂದನೇ ಬೆಡ್ಡಿನವರು ಕರೀತಿದಾರೆ, ಸ್ವಲ್ಪ ಬೇಗ ಬರಬೇಕಂತೆ" ಎಂದಿದ್ದಳು. ಇವಳ ಮೇಜಿನ ಮೇಲೆ ಎಂಬತ್ತು ಫಾರಂ ಹರಡಿತ್ತು. ನಗುಗಳನ್ನು ಎಣಿಸಿ ಎಣಿಸಿ ಲೆಕ್ಕ ತಪ್ಪಿ ಮೂರನೇ ಸಲ ಶುರುಮಾಡಿದ್ದಳು. ದೊಡ್ಡ ಡಾಕ್ಟರು ಬಾಗಿಲಲ್ಲಿ ಒಂದು ಕಾಲಿಟ್ಟು ಕಾಯುತ್ತಿದ್ದರು. "ಐದು ನಿಮಿಷ ಅಂತ ಹೇಳಿ" ಎಂದಿದ್ದಳು. ಆ ಐದು ನಿಮಿಷ ಒಂದು ಗಂಟೆ ಹತ್ತು ನಿಮಿಷವಾಯಿತು. ಮೇಲೆ ಹೋದಾಗ ಹಾಸಿಗೆಗೆ ಹೊಸ ಬಟ್ಟೆ ಹಾಸಿತ್ತು, ಕೆಳಗೆ ನೆಲ ಒದ್ದೆಯಾಗಿತ್ತು, ಸಿಸ್ಟರ್ ಕೈ ತೊಳೆಯುತ್ತಿದ್ದಳು. ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ತಿಳಿದೂ, ತಿಳಿಯದವಳ ಹಾಗೆ, "ಏನಕ್ಕ, ಕರೆದೆಯಂತೆ?" ಎಂದು ಕೇಳಿದ್ದಳು. "ಏನೂ ಬೇಡ, ನೀನು ಹೋಗು" ಎಂದಿದ್ದಳು ಅಕ್ಕ, ಗೋಡೆಗೆ.

"ಅಕ್ಕ" ಎಂದಳು ಈಗ.

"ಬಂದೆಯಾ ಪುಟ್ಟಿ. ತಂದೆಯಾ ಚೀಟಿ?"

"ಇದೊಂದು ತುಂಬಬೇಕಂತೆ." ಬೇಕಂತೆ ಎಂದದ್ದು ಅವಳ ಕಿವಿಗೇ ಕೇಳಿಸಿತು, ಇನ್ಯಾರೋ ಕಳಿಸಿದ ಫಾರಂ ಎನ್ನುವಂತೆ.

ಅಕ್ಕ ಕನ್ನಡಕ ಹಾಕಿಸಿಕೊಂಡಳು. ಎಡಗೈಯಲ್ಲಿ ಪೆನ್ನು ಹಿಡಿದು, ಫಾರಂ ಅನ್ನು ತೊಡೆಯ ಮೇಲಿಟ್ಟು, ಗುರುತು ಹಾಕತೊಡಗಿದಳು. ಗೆರೆ ನೆಟ್ಟಗೆ ಬರಲಿಲ್ಲ, ನಗುವ ಮುಖದ ಆಚೆ ಹೋಯಿತು, ಅವಳು ತಿದ್ದಿ ಒಳಗೆ ತಂದಳು. ಕಾದ ಹೊತ್ತು ಸರಿಯಿತ್ತೇ: ನಗು. ಡಾಕ್ಟರು ಅರ್ಥವಾಗುವಂತೆ ಹೇಳಿದರೇ: ನಗು. ನಡವಳಿಕೆ: ನಗು. ನಾಲ್ಕನೆಯದು, 'ಕರೆದಾಗ ಬೇಗ ಬಂದರೇ?' ತಂಗಿ ಅಕ್ಕನ ಬೆರಳನ್ನೇ ನೋಡಿದಳು. ಬೆರಳು ನಿಲ್ಲಲೇ ಇಲ್ಲ. ನಗು. ಅದೇ ಸೊಟ್ಟ ಗೆರೆ, ಅದೇ ವೇಗ. ಒಂದು ಸಲವಾದರೂ ತಡೆದಿದ್ದರೆ, ಒಂದು ಸಲ ತಲೆಯೆತ್ತಿ ಕಣ್ಣು ಕೆಂಪು ಮಾಡಿ ನೋಡಿದ್ದರೆ! ಹತ್ತೂ ಮುಗಿಸಿ ಅಕ್ಕ ಫಾರಂ ಚಾಚಿದಳು. ಚಾಚಿ, ಇವಳ ಮುಖ ನೋಡಲಿಲ್ಲ, ಎಡಗೈ ನೋಡಿದಳು. ಏಳನೇ ಹಾಸಿಗೆಯ ಅಜ್ಜಿ ನೋಡಿದ ಹಾಗೆ, ಇಪ್ಪತ್ತೆಂಟರವಳು ನೋಡಿದ ಹಾಗೆ. ತನ್ನನ್ನು ಎತ್ತಿ ಆಡಿಸಿದವಳು, ತನ್ನ ಜ್ವರಕ್ಕೆ ಊರಿನ ಮೇಲೆ ಜಗಳಕ್ಕೆ ಹೋದವಳು, ತನ್ನ ಕೈಯಲ್ಲಿನ ಚೀಟಿಗೆ ಕಾದು ಕೂತಿದ್ದಳು.

"ನಿಜ ಹಾಕಕ್ಕ."

"ನಿಜವೇ ಹಾಕಿದೀನಿ."

"ನಾಲ್ಕನೇದು ನಿಜ ಅಲ್ಲ."

"ನಿಮ್ಮ ದೊಡ್ಡ ಡಾಕ್ಟರು ಬಂದಿದ್ದಾಗ ಹೇಳಿದರು, ನಿಮಗೆ ತೊಂಬತ್ತು ಬೇಕಂತಲ್ಲ. ತಗೋ."

"ನನಗೆ ತೊಂಬತ್ತು ಬೇಡ."

"ಮತ್ತೇನು ಬೇಕು? ಚೀಟಿ ಕೊಡು ಪುಟ್ಟಿ, ಮಗಳು ಗಾಡಿ ತರೋ ಹೊತ್ತಾಯಿತು."

"ಬಯ್ಯಿ ನನ್ನ. ಆರು ದಿನ ಆಯಿತು, ಒಂದು ಮಾತು ಬಯ್ಯಲಿಲ್ಲ."

"ಇಲ್ಲಿ ಹೇಗೆ ಬಯ್ಯಲಿ. ನೀನು ಇಲ್ಲಿ ಕೆಲಸ ಮಾಡ್ತೀಯ" ಎಂದಳು ಅಕ್ಕ. ಕೊಂಕಿಲ್ಲದ ದನಿ. ಹೇಳಿಕೊಟ್ಟದ್ದನ್ನು ಒಪ್ಪಿಸುವ ಮಗುವಿನ ದನಿ.

ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ, ಅಕ್ಕನ ಮೇಲೆಯೇ ಬಂತು. ಇಷ್ಟು ಒಳ್ಳೆಯವಳಾಗು ಎಂದು ನಾನು ಯಾವಾಗ ಹೇಳಿದೆ. ಸ್ವಲ್ಪ ಸುಮ್ಮನಿರು ಎಂದರೆ ಪೂರ್ತಿ ಸತ್ತವಳ ಹಾಗೆ ಇರಬೇಕೇ? ಆಮೇಲೆ ಆ ಸಿಟ್ಟು ತಿರುಗಿ ತನ್ನ ಎಡಗೈಗೇ ಬಂತು. ಎಂಟು ಚೀಟಿ ಉಳಿದಿದ್ದವು, ಬೆವರಿಗೆ ಅಂಚು ಮೆತ್ತಗಾಗಿತ್ತು. ತಳದಿಂದ ಹನ್ನೊಂದನೆಯದನ್ನು ಎಳೆದು ಅಕ್ಕನ ತೊಡೆಯ ಮೇಲಿಟ್ಟಳು. "ತಗೋ. ಫಾರಂ ಬೇಡ. ಅದಿಲ್ಲದೇನೇ ಹೋಗು."

ಅಕ್ಕ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಹೆಸರು, ವಯಸ್ಸು, ಡಾಕ್ಟರ ಸಹಿ, ಮೊಹರು, ಎಲ್ಲ ಓದಿದಳು. ನಾಲ್ಕಾಗಿ ಮಡಚಿದಳು. ಒಂದೇ ಕೈಯಲ್ಲಿ ಚೀಲದ ಒಳಜೇಬು ತೆರೆದು ಅದರಲ್ಲಿಟ್ಟು, ಜಿಪ್ ಎಳೆದಳು. ಜಿಪ್ ಅರ್ಧದಲ್ಲಿ ಸಿಕ್ಕಿಕೊಂಡಿತು. ತಂಗಿ ಸಹಾಯಕ್ಕೆ ಕೈ ಚಾಚಿದಾಗ, "ಬಿಡು" ಎಂದು ತಾನೇ ಎಳೆದಳು. ಪೂರ್ತಿ ಮುಚ್ಚಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಕೂತ ರೀತಿಯಲ್ಲೇ ಏನೋ ಬದಲಾದದ್ದು ತಂಗಿಗೆ ಕಂಡಿತು.

"ತಾ ಇಲ್ಲಿ ಆ ಕಾಗದ."

ಅಕ್ಕ ಫಾರಂ ಅನ್ನು ಮೇಲಿನಿಂದ ಕೆಳಕ್ಕೆ ಮತ್ತೆ ಓದಿದಳು. ಕೊನೆಯ ಗೆರೆಯ ಮೇಲೆ ಬೆರಳಿಟ್ಟಳು. "ಇದು ಯಾರ ಅಕ್ಷರ?"

ತಂಗಿ ಉಳಿದ ಫಾರಂಗಳನ್ನು ಮಗುಚಿ ಹಿಡಿದಳು.

"ನಾನು ಕೈ ಹಿಡಿದು ತಿದ್ದಿಸಿದ ಅಕ್ಷರ, ನನಗೆ ಗೊತ್ತಾಗಲ್ಲವಾ? ಏನೂ ಇಲ್ಲ ಅಂತ ನೀನೇ ಬರೆದುಬಿಟ್ಟಿದೀಯ. ನಾನು ಬಾಯಿ ಬಿಡೋಕೆ ಮುಂಚೆಯೇ. ಇಲ್ಲಿರೋರಿಗೆಲ್ಲ ಹೀಗೇನಾ?"

"ಎಲ್ಲರಿಗೂ."

"ನಾಚಿಕೆ ಆಗಲಿಲ್ಲವೇನೇ ನಿನಗೆ?"

ಏನೇ ಎಂದಿದ್ದಳು. ಆರು ದಿನದ ಮೇಲೆ. ತಂಗಿಯ ಕಿವಿ ಬಿಸಿಯಾಯಿತು. ಹತ್ತನೇ ಹಾಸಿಗೆಯವಳು ಓದುತ್ತಿದ್ದ ಪತ್ರಿಕೆ ಕೆಳಗಿಟ್ಟಳು.

"ಹೊಡೆದುಹಾಕು ಅದನ್ನ. ಹಾಂ. ಈಗ ಬರಿ. ನಾಲ್ಕನೇ ಪ್ರಶ್ನೆಗೆ ಈ ಬೊಂಬೆ ಮುಖ ಸಾಲಲ್ಲ, ಹಿಂದುಗಡೆ ಬರಿ. ಬುಧವಾರ ಎರಡು ಗಂಟೆಗೆ ನನಗೆ ಎದ್ದು ಹೋಗಬೇಕಿತ್ತು, ಏಳೋಕಾಗಲಿಲ್ಲ. ಆಯಾ ರಕ್ತದ ಬಾಟಲಿ ತಗೊಂಡು ಲ್ಯಾಬಿಗೆ ಹೋಗಿದ್ದಳು. ಸಿಸ್ಟರ್ ಆ ಕೊನೇ ಬೆಡ್ಡಿನಲ್ಲಿ ಉಸಿರು ಕಟ್ಟಿದವಳ ಹತ್ತಿರ ಇದ್ದಳು. ನಾನು ಅವಳನ್ನ ಕರೀಲಿಲ್ಲ. ಕರೆಯೋದಾದರೂ ಹೇಗೆ, ಅವಳಿಗೆ ಇರೋದು ಎರಡೇ ಕೈ. ಬರ್ಕೊಂಡೆಯಾ?"

"ಬರ್ಕೊಂಡೆ."

"ನಾನು ಕರೆದಿದ್ದು ನನ್ನ ತಂಗೀನ. ಅವಳು ಇದೇ ಕಟ್ಟಡದಲ್ಲಿದ್ದಳು. ಬರಲಿಲ್ಲ." ದನಿ ಏರಿತು. ಅದೇ ದನಿ, ಕೌಂಟರಿನ ಮುಂದಿನದು, ಕಾಂಪೌಂಡರನ ಮುಂದಿನದು. "ಒಂದು ಗಂಟೆ ನಾನು ಒದ್ದೇಲಿ ಮಲಗಿದ್ದೆ. ಎಪ್ಪತ್ತಕ್ಕೆ ಆರು ಕಡಿಮೆ ನನಗೆ. ಆ ಸಿಸ್ಟರ್ ಹುಡುಗಿ ಬಂದಳು, ತಡವಾಗಿ ಬಂದಳು, ಬಂದು ಮೊದಲು ಅವಳು ಹೇಳಿದ್ದು, ಅಮ್ಮ, ತಪ್ಪಾಯಿತು ಅಂತ. ಅವಳದಲ್ಲ ತಪ್ಪು, ಆದರೂ ಹೇಳಿದಳು. ಒರೆಸುವಾಗ ಸುತ್ತ ಪರದೆ ಎಳೆದಳು, ಪರದೆ ಒಂದು ಕಡೆ ಹರಿದಿದೆ ಅಂತ ಆ ಕಡೆ ತಾನೇ ಅಡ್ಡ ನಿಂತಳು. ಅದನ್ನೂ ಬರಿ. ನನ್ನ ತಂಗಿ ಬಂದು ಏನು ಕೇಳಿದಳು? ಹೇಳು, ಏನು ಕೇಳಿದೆ?"

"ಏನಕ್ಕ, ಕರೆದೆಯಂತೆ, ಅಂತ."

"ಬರಿ ಅದನ್ನ."

ಬರೆದಳು. ಅಕ್ಷರ ದುಂಡಗೆ ಬರಲಿಲ್ಲ. ಮೂವತ್ತೆರಡು ಹಾಸಿಗೆಗಳ ವಾರ್ಡು ಕೆಮ್ಮನ್ನೂ ನುಂಗಿಕೊಂಡು ಕೇಳುತ್ತಿತ್ತು. ಯಾವ ಶಾಲಿನೊಳಗೂ ಜರುಗುವ ಹಾಗಿರಲಿಲ್ಲ, ಜರುಗಬೇಕೆಂದು ಅನ್ನಿಸಲೂ ಇಲ್ಲ. ನಾಚಿಕೆ ಇತ್ತು, ಮೈಯೆಲ್ಲ ಇತ್ತು. ಅದರ ಕೆಳಗೆಲ್ಲೋ ಆರು ದಿನದಿಂದ ಹಿಡಿದಿದ್ದ ಉಸಿರು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬರುತ್ತಿತ್ತು. ತಲೆಯೆತ್ತಿದಾಗ ಹಾಸಿಗೆಯ ಕಾಲಿನ ಹತ್ತಿರ ಸಿಸ್ಟರ್ ನಿಂತಿದ್ದಳು. ಯಾವಾಗ ಬಂದಳೋ. ಅವಳ ಕಣ್ಣು ಫಾರಂನ ಹಿಂಬದಿಯ ಮೇಲೆ, ತುಂಬಿದ ಗೆರೆಗಳ ಮೇಲೆ ಇತ್ತು.

"ಇಬ್ಬರು ಬರ್ತಾರೆ ಅಂದಿದ್ದರು, ಮೇಡಂ" ಎಂದಳು ಮೆಲ್ಲಗೆ.

ಗುಮಾಸ್ತೆಯ ಪೆನ್ನು ನಿಂತಿತು. ಈ ಹುಡುಗಿಯ ಕಣ್ಣಿನ ಕೆಳಗಿನ ಕಪ್ಪು ಒಂದು ಕಡೆ, ಈ ಕಾಗದ ಒಂದು ಕಡೆ. ಹರಿದು ಹಾಕಿ, ಮುಂಭಾಗದ ಹತ್ತು ನಗುಗಳನ್ನು ಹೊಸ ಫಾರಂ ಮೇಲೆ ತಾನೇ ಹಾಕಿಬಿಡುವುದು ಎಷ್ಟು ಹೊತ್ತಿನ ಕೆಲಸ? ಅಕ್ಕನೂ ತಡೆಯುತ್ತಿರಲಿಲ್ಲ, ಹುಡುಗಿಯ ಮುಖ ನೋಡಿ ಅವಳೂ ಒಂದು ಗಳಿಗೆ ಬಾಯಿ ಮುಚ್ಚಿದ್ದಳು. ಆದರೆ ನಗುವ ಮುಖಗಳನ್ನು ಎಷ್ಟು ಕೂಡಿಟ್ಟರೂ ಅದರಲ್ಲಿ ಎಲ್ಲಿಯೂ, ಮೂವತ್ತೆರಡು ಹಾಸಿಗೆಗೆ ಇವಳೊಬ್ಬಳೇ ಎಂಬ ಮಾತು ಇರುವುದಿಲ್ಲ. ಮುನ್ನೂರು ಕಾಗದ, ಒಂದರಲ್ಲಿಯೂ ಇಲ್ಲ. ಇರಲು ತಾನು ಬಿಟ್ಟಿರಲಿಲ್ಲ.

"ಬರ್ತಾರೋ ಬಿಡ್ತಾರೋ ನನಗೆ ಗೊತ್ತಿಲ್ಲ, ಸಿಸ್ಟರ್" ಎಂದಳು. "ನೀವೊಬ್ಬರೇ ಇದ್ದಿರಿ ಅನ್ನೋದು ಇದರಲ್ಲಿ ಇರುತ್ತೆ. ಇದನ್ನ ದೊಡ್ಡ ಡಾಕ್ಟರಿಗೆ ನಾನೇ ಕೊಡ್ತೀನಿ."

ಸಿಸ್ಟರ್ ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಒಂಬತ್ತನೇ ಹಾಸಿಗೆಯ ಗ್ಲೂಕೋಸ್ ಬಾಟಲಿ ಮುಗಿಯುತ್ತಾ ಬಂದಿತ್ತು, ಅದರ ಕಡೆ ಹೋದಳು. ಹೋಗುವಾಗ ಗೋಡೆಯ ಬಳಿ ಇದ್ದ ಸ್ಟೂಲನ್ನು ಕಾಲಿನಿಂದ ಹನ್ನೊಂದನೇ ಹಾಸಿಗೆಯ ಕಡೆ ಜರುಗಿಸಿಬಿಟ್ಟು ಹೋದಳು. ಇವಳು ಅದರ ಮೇಲೆ ಕೂತಳು. ಮಂಡಿ ನೋಯುತ್ತಿದೆ ಎಂದು ಆಗಷ್ಟೇ ಗೊತ್ತಾಯಿತು.

ಉಳಿದ ಏಳು ಚೀಟಿ ಇನ್ನೂ ಎಡಗೈಯಲ್ಲೇ ಇದ್ದವು. ಎದ್ದಳು. ಒಂದೊಂದು ಹಾಸಿಗೆಗೂ ಹೋಗಿ ಬರೀ ಚೀಟಿ ಕೊಟ್ಟಳು, ಏನೂ ಕೇಳಲಿಲ್ಲ. ಜನ ಇಸಿದುಕೊಂಡು, ಫಾರಂ ಎಲ್ಲಿ ಎಂದು ಅನುಮಾನದಿಂದ ನೋಡಿದರು. ಹದಿನಾರನೆಯವಳು ಚೀಟಿಯನ್ನು ತಿರುಗಿಸಿ ಹಿಂಬದಿಯಲ್ಲಿ ಏನಾದರೂ ಇದೆಯೇ ಎಂದೂ ನೋಡಿದಳು. ಎಡಗೈ ಖಾಲಿಯಾದ ಮೇಲೆ ಸ್ಟೂಲಿಗೆ ಬಂದು ಕೂತು, ಉಳಿದ ಫಾರಂಗಳ ಕೊನೆಯ ಗೆರೆಗಳನ್ನು ಒಂದೊಂದಾಗಿ ಹೊಡೆದುಹಾಕಿದಳು. ವಾರ್ಡಿನ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

ಏಳನೇ ಹಾಸಿಗೆಯ ಅಜ್ಜಿ ಬಾಗಿಲ ತನಕ ಹೋಗಿದ್ದವಳು, ಸೊಸೆಯ ತೋಳು ಹಿಡಿದು ನಿಧಾನಕ್ಕೆ ವಾಪಸು ಬಂದಳು. ಸೊಸೆ "ಅತ್ತೆ, ಬಸ್ಸು ಹೋಗುತ್ತೆ" ಎನ್ನುತ್ತಲೇ ಇದ್ದಳು. ಅಜ್ಜಿ ಚೀಲ ನೆಲದ ಮೇಲಿಟ್ಟು, ಹೆಬ್ಬೆರಳಿನ ಶಾಯಿ ಇನ್ನೂ ಹೋಗಿರದ ಕೈಯನ್ನು ಮಂಚದ ಕಂಬಿಯ ಮೇಲೆ ಊರಿದಳು.

"ಅಮ್ಮಾ, ನಂದು ಇನ್ನೊಂದು ಸಲ ಬರ್ಕೊಳ್ಳೋಕಾಗುತ್ತಾ? ಆವಾಗ ಚೀಟಿ ನಿನ್ನ ಕೈಲಿತ್ತು ನೋಡು."

"ಆಗುತ್ತೆ ಅಜ್ಜಿ" ಎಂದು ಅವಳು ಹೊಸ ಹಾಳೆ ತಿರುಗಿಸಿದಳು. "ಹೇಳಿ."

ಅಕ್ಕ ಎಡಗೈ ಚಾಚಿ ಆ ಹಾಳೆಯ ಮೇಲೆ ಅಂಗೈ ಇಟ್ಟಳು.

"ಸ್ವಲ್ಪ ತಡಿಯಮ್ಮ" ಎಂದಳು ಅಜ್ಜಿಗೆ. ಆಮೇಲೆ ತಂಗಿಯ ಕಡೆ ತಿರುಗಿ, "ನಂದು ಇನ್ನೂ ಮುಗಿದಿಲ್ಲ" ಎಂದಳು.